ಅಮ್ಮನಿಗೆ ಸೋಪು ಬಿಡಿಸಲಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:
ಅಮ್ಮ ಊರಿಂದ ನಮ್ಮ ಮನೆಗೆ ಬಂದು ಮೂರು ತಿಂಗಳಾಯಿತು. ಸ್ನಾನ ಮುಗಿಸಿ ಬಂದ ಕೂಡಲೇ ಮೈ ಬಿಗಿಯುತ್ತದೆ, ಕಾಲೆಲ್ಲ ನವೆ ಅನ್ನುತ್ತಾರೆ. ಊರಲ್ಲೂ ಇದೇ ಸೋಪು ಹಾಕುತ್ತಿದ್ದರು, ಏನೂ ಆಗಿರಲಿಲ್ಲ. ಅಕ್ಕಪಕ್ಕದವರೆಲ್ಲ ಬಾಡಿ ವಾಶ್‌ಗೆ ಹೋಗಿದ್ದಾರೆ. ನೀವು ಸೋಪು ಬಿಟ್ಟಿದ್ದು ಯಾಕೆ? ಅಮ್ಮನಿಗೂ ಬಿಡಿಸಲಾ?

ವೈಟ್‌ಫೀಲ್ಡ್‌ನಿಂದ:
ಅಕ್ಕಾ, ಮೊದಲು ನಿಮ್ಮ ನೀರು ನೋಡಿ. ನಾವು ತೀರ್ಥಹಳ್ಳಿ ಕಡೆಯವರು. ಅಲ್ಲಿ ಸೋಪು ಒಂದು ಸಲ ಉಜ್ಜಿದರೆ ನೊರೆಯೋ ನೊರೆ. ಇಲ್ಲಿ ಬೋರ್‌ವೆಲ್ಲಿನ ಟ್ಯಾಂಕರ್ ನೀರು. ನೊರೆ ಬರುವುದಿಲ್ಲ ಅಂತ ಇನ್ನೂ ಜಾಸ್ತಿ ಉಜ್ಜುತ್ತಿದ್ದೆವು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ಬಕೆಟ್ ಅಂಚಿಗೆ ಬೆಳ್ಳಗೆ ಅಂಟಿಕೊಂಡಿರುತ್ತದಲ್ಲ, ಅದೇ ಮೈ ಮೇಲೂ ಉಳಿಯುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಆರ್‌ಓ ನೀರು. ಎರಡಕ್ಕೂ ಒಂದು ಚೂರು ಸೋಪು ತುರಿದು ಹಾಕಿ ಚೆನ್ನಾಗಿ ಅಲ್ಲಾಡಿಸಿ. ನಮ್ಮ ನಲ್ಲಿ ನೀರಿನ ಬಾಟಲಿಯಲ್ಲಿ ಹಾಲು ಒಡೆದ ಹಾಗೆ ಬಿಳಿ ಚೂರು ತೇಲಿತ್ತು. ಬಾಡಿ ವಾಶ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಪಲ್ಲ, ಬೇರೆ ಜಾತಿಯ ರಾಸಾಯನಿಕ. ಅದು ಗಡಸು ನೀರಲ್ಲಿ ಹೀಗೆ ಒಡೆಯುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರು ಸೋಪು ಬಿಟ್ಟಿದ್ದು ಶೋಕಿಗಲ್ಲ, ನೀರಿನ ಕಾಟಕ್ಕೆ.

ಹುಬ್ಬಳ್ಳಿಯಿಂದ:
ನಮ್ಮ ಅತ್ತೆಯವರಿಗೂ ಹೀಗೇ ಆಗಿತ್ತು. ವಯಸ್ಸಾದ ಹಾಗೆ ಚರ್ಮದ ಎಣ್ಣೆ ಅಂಶ ಕಡಿಮೆ ಆಗುತ್ತದೆ ಅಂತ ಡಾಕ್ಟರು ಹೇಳಿದರು. ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು, ಅದಕ್ಕೇ ಸೋಪು ಜಾಸ್ತಿಯಾದರೆ ಚರ್ಮ ಒಣಗುತ್ತದೆ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಸೋಪು ಸಾಕು ಅಂದರು. ಸುಡು ನೀರು ಬಿಡಿಸಿದರು. ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರುತ್ತೇವೆ. ಎರಡು ವಾರದಲ್ಲಿ ನವೆ ತಗ್ಗಿತು, ಸೋಪು ಬದಲಾಯಿಸಲೇ ಇಲ್ಲ.

ಮೈಸೂರಿನಿಂದ:
ಕೊರೊನಾ ವರ್ಷ ಕೈ ತೊಳೆಯುವುದಕ್ಕೆ ಬಾಟಲಿ ಬಂತು, ಅದು ಹಾಗೇ ಉಳಿಯಿತು. ಸ್ನಾನಕ್ಕೆ ಮಾತ್ರ ಮೈಸೂರು ಸ್ಯಾಂಡಲ್ಲೇ. 1916ರಲ್ಲಿ ಇಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಮೇಲೆ ಹುಟ್ಟಿದ ಸೋಪು. ಅಜ್ಜಿ ಅದರ ಖಾಲಿ ಡಬ್ಬಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ಯಾವ ಸೋಪು ತಂದರೂ ಕವರಿನ ಮೇಲೆ ಟಿಎಫ್‌ಎಂ ನೋಡಿ, ಅಂದರೆ ಸೋಪಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅಂತ. 76 ಅಥವಾ ಹೆಚ್ಚು ಇದ್ದರೆ ಮೊದಲ ದರ್ಜೆ. ‘ಬಾತಿಂಗ್ ಬಾರ್’ ಅಂತ ಬರೆದಿದ್ದರೆ ಅದಕ್ಕೆ ಈ ದರ್ಜೆಯ ಲೆಕ್ಕ ಇಲ್ಲ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ಅಲ್ಲಾಡಿಸಿದ್ದು ಅಮ್ಮನೇ. ನಲ್ಲಿ ನೀರಿನದ್ದು ಪೂರ್ತಿ ಒಡೆದಿದೆ. ಈಗ ಅಮ್ಮನಿಗೆ ಕೊನೆಯ ಒಂದು ಬಕೆಟ್ ಆರ್‌ಓ ನೀರು ಬೆಚ್ಚಗೆ ಮಾಡಿ ಕೊಡುತ್ತಿದ್ದೇನೆ. ಸೋಪು ಅದೇ. ಹದಿನೈದು ದಿನ ಬಿಟ್ಟು ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.