ಬಾಲ್ಕನಿಯಲ್ಲಿ ಸೇದಿದರೆ ಸಾಕಾ?

ಮುಂಬೈ ಬಳಿಯ ಡೊಂಬಿವಲಿಯಿಂದ ಪ್ರಶ್ನೆ: ಮಗುವಿಗೆ ಪ್ರಯತ್ನ ಶುರು ಮಾಡಬೇಕೆಂದಿದ್ದೇವೆ. ಯಜಮಾನರಿಗೆ ದಿನಕ್ಕೆ ಎಂಟು-ಹತ್ತು ಸಿಗರೇಟು ಬೇಕು. ಬಾಲ್ಕನಿಯಲ್ಲೇ ಸೇದುತ್ತಾರೆ. ಬಸಿರಾಗುವವಳು ನಾನು ತಾನೆ, ಅವರ ಸಿಗರೇಟಿನಿಂದ ಏನಾಗುತ್ತದೆ? ತಿಳಿದವರು ಹೇಳಿ.

ಮಾಟುಂಗದಿಂದ ಉತ್ತರ: ಲೆಕ್ಕ ಶುರುವಾಗುವುದು ಬಸಿರಿಗೂ ಮೂರು ತಿಂಗಳು ಮೊದಲು. ವೀರ್ಯಾಣು ತಯಾರಾಗಲು ಸುಮಾರು 72–74 ದಿನ ಬೇಕು, ಆಮೇಲೆ ಬಲಿಯಲು ಇನ್ನೊಂದೆರಡು ವಾರ. ಇವತ್ತು ಬಿಟ್ಟರೆ ಫಲ ಸಿಗುವುದು ಮೂರು ತಿಂಗಳ ಮೇಲೆಯೇ. ಹೊಗೆಯಿಂದ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕುಗ್ಗುತ್ತವೆ. ಅದಕ್ಕಿಂತ ಕೆಟ್ಟದ್ದು ಒಳಗಿನ ಡಿಎನ್‌ಎ ಎಳೆ ತುಂಡಾಗುವುದು; ಗರ್ಭ ನಿಂತರೂ ಜಾರುವ ಸಂಭವ ಹೆಚ್ಚುತ್ತದೆ. ಮಾಮೂಲಿ ಸೀಮನ್ (ವೀರ್ಯ) ಟೆಸ್ಟ್‌ನಲ್ಲಿ ಇದು ಕಾಣುವುದಿಲ್ಲ, ಹಾಗಾಗಿ ‘ರಿಪೋರ್ಟ್ ನಾರ್ಮಲ್’ ಅಂದರೆ ಸೇದಲು ಪರವಾನಗಿ ಅಲ್ಲ.

ಟೆಸ್ಟ್ ಮಾಡಿಸುವುದಾದರೆ ಮೊದಲು 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಸಂಯಮವಿರಲಿ. ಸ್ಯಾಂಪಲ್ ಲ್ಯಾಬ್‌ನಲ್ಲೇ ಕೊಡುವುದು ಮೇಲು. ಮನೆಯಿಂದ ಒಯ್ದರೆ ಮೈಯ ಬಿಸಿಯಲ್ಲಿಟ್ಟು ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಬೆಳಗಿನ ಲೋಕಲ್ ರೈಲಿನಲ್ಲಿ ದಾದರ್‌ವರೆಗೆ ನೇತಾಡಿ ಬಂದ ಸ್ಯಾಂಪಲ್‌ನ ಚಲನೆಯ ಅಂಕಿಯನ್ನು ನಂಬಬೇಡಿ.

ಠಾಣೆ: ನಮ್ಮ ಊರಿನ ಬಾಲ್ಕನಿ ಅಂದರೆ ಹಾಲ್‌ನ ಇನ್ನೊಂದು ತುದಿ, ಅಷ್ಟೇ. ಗಾಳಿ ತಿರುಗಿದರೆ ಹೊಗೆ ಒಳಗೇ. ಉಳಿದದ್ದು ಅಂಗಿ, ಪರದೆ, ಸೋಫಾದಲ್ಲಿ ಕೂರುತ್ತದೆ. ಅಗರಬತ್ತಿ ವಾಸನೆ ಮುಚ್ಚುತ್ತದೆ, ವಿಷವನ್ನಲ್ಲ. ಕಾರ್ಬನ್ ಮೋನಾಕ್ಸೈಡ್ ನಿಮ್ಮ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ, ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ. ಮಗು ಕಡಿಮೆ ತೂಕದ್ದಾಗುವ, ದಿನ ತುಂಬುವ ಮೊದಲೇ ಹುಟ್ಟುವ ಅಪಾಯ ಇದರಿಂದಲೇ. ಪೂರ್ತಿ ಬಿಡುವವರೆಗೆ ಕಟ್ಟಡದಿಂದ ಕೆಳಗಿಳಿದು ಸೇದಲಿ, ಬಂದ ಕೂಡಲೇ ಕೈ ತೊಳೆದು ಅಂಗಿ ಬದಲಿಸಲಿ.

ಪುಣೆ: ಬಿಡಿಸುವ ಬಗ್ಗೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ (ಇದಕ್ಕೆ ಡಾಕ್ಟರ ಚೀಟಿ ಬೇಕು), ಉಳಿದವರಿಗೆ 2. ಜನ ಎಡವುವುದು ಜಗಿಯುವುದರಲ್ಲಿ. ನಾಲಿಗೆಗೆ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ ಕೆನ್ನೆಯ ಸಂದಿಗೆ ಸರಿಸಬೇಕು, ಚುರುಕು ಇಳಿದರೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಬಬಲ್ ಗಮ್‌ನಂತೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು, ಆಮೇಲೆ ‘ಇದು ನನಗಾಗುವುದಿಲ್ಲ’ ಎಂದು ಮತ್ತೆ ಟಪರಿಗೆ (ಬೀದಿಬದಿಯ ಗೂಡಂಗಡಿಗೆ). ಗಮ್‌ಗೆ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಬೇಡ. ಕುಡಿದರೆ ನಿಕೋಟಿನ್ ಬಾಯಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಕಟಿಂಗ್ ಚಹಾದ ಜೊತೆಗೇ ಸಿಗರೇಟಿನ ಚಟ ಅಂಟಿರುವವರು ಚಹಾದ ಜಾಗವನ್ನೇ ಬದಲಿಸಲಿ. ಮೊದಲ ಮೂರು ದಿನ ಸಿಡಿಮಿಡಿ ಜಾಸ್ತಿ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ (ಬಿಡಲು ನೆರವಾಗುವ ಫೋನ್) 1800-11-2356, ಉಚಿತ.

ಡೊಂಬಿವಲಿ ಪೂರ್ವ: ಸಿಗರೇಟು ಬಿಟ್ಟು ಗುಟ್ಕಾ ಹಿಡಿದರೆ ಬಿಟ್ಟಂತಾಗಲಿಲ್ಲ. ಇನ್ನೊಂದು, ಇಲ್ಲಿನ ಅಭ್ಯಾಸ ನೋಡಿ ನೀವೂ ಹಲ್ಲಿಗೆ ಮಿಶ್ರಿ ಉಜ್ಜುತ್ತಿದ್ದೀರಾ? ಅದು ಹುರಿದ ತಂಬಾಕೇ. ಇವತ್ತೇ ಬಿಸಾಡಿ.