ಕಥೆ ಮೊದಲೇ ಗೊತ್ತಿದ್ದರೂ ಇಯರ್‌ಫೋನ್ ತೆಗೆಯೋಕೆ ಮನಸ್ಸಾಗುತ್ತಿಲ್ಲ, ನನಗೊಬ್ಬನಿಗೇನಾ?

ನವನಗರದಾಂವ:

ನಾನು ಬಾಗಲಕೋಟೆಯಿಂದ ವಿಜಯಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವನು. ಹೋಗೋಕೆ ಎರಡು ತಾಸು, ಬರೋಕೆ ಎರಡು ತಾಸು. ರೀಲ್ಸ್ ನೋಡಿ ನೋಡಿ ಕಣ್ಣು ಉರಿ ಬಂದು ಹೋದ ವಾರ ಒಂದು ಆಡಿಯೋಬುಕ್ ಹಚ್ಚಿಕೊಂಡೆ. ರಾಬರ್ಟ್ ಜೋರ್ಡಾನ್ ಬರೆದ ‘ದಿ ಐ ಆಫ್ ದಿ ವರ್ಲ್ಡ್’. 1990ರ ಪುಸ್ತಕ, ‘ದಿ ವೀಲ್ ಆಫ್ ಟೈಮ್’ ಸರಣಿಯ ಮೊದಲನೆಯದು, ಹತ್ತಿರ ಹತ್ತಿರ 30 ತಾಸು ಇದೆ.

ಕಥೆಯಲ್ಲಿ ಹೊಸದೇನೂ ಇಲ್ಲ. ಯಾವುದೋ ಮೂಲೆಯ ಹಳ್ಳಿ, ಕುರಿ ಸಾಕುವವನ ಮಗ, ಮಂತ್ರಶಕ್ತಿ ಇರುವ ಹೆಂಗಸೊಬ್ಬಳು ಬರುತ್ತಾಳೆ, ರಾತ್ರಿ ಊರಿನ ಮೇಲೆ ರಾಕ್ಷಸರು ಬೀಳುತ್ತಾರೆ, ಹುಡುಗ ಊರು ಬಿಡುತ್ತಾನೆ. ನನ್ನ ತಮ್ಮ ನಗುತ್ತಾನೆ. “ಅಲ್ಲೋ ಅಣ್ಣಾ, ಲೋಕ ಉಳಸಾಂವ ಇವನ ಅಂತ ಗದ್ದನಕೇರಿ ಕ್ರಾಸ್ ದಾಟೂದ್ರೊಳಗ ಗೊತ್ತಾಗ್ತೈತಲ್ಲ!”

ಹೌದು, ಗೊತ್ತಾಗುತ್ತದೆ. ಆದರೆ ಮೊದಲ ಅಧ್ಯಾಯದಲ್ಲಿ ಅಪ್ಪ ಮಗ ಬಂಡಿ ಹೊಡೆದುಕೊಂಡು ಊರಿಗೆ ಬರುತ್ತಿರುತ್ತಾರೆ, ಸಿಕ್ಕಾಪಟ್ಟೆ ಗಾಳಿ. ಹುಡುಗ ಹಿಂದೆ ತಿರುಗಿದರೆ ದಾರಿಯಲ್ಲಿ ಕುದುರೆ ಮೇಲೆ ಒಬ್ಬ ಕರೀ ನಿಲುವಂಗಿಯವನು. ಅಷ್ಟು ಗಾಳಿಯಲ್ಲೂ ಅವನ ನಿಲುವಂಗಿ ಅಲುಗಾಡುವುದಿಲ್ಲ. ಇದನ್ನು ಕೇಳುವಾಗ ಬಸ್ಸು ಕೊಲ್ಹಾರದ ಸೇತುವೆ ಮೇಲಿತ್ತು. ಕಿಟಕಿ ಗಾಜು ಗಡಗಡ, ಮುಂದಿನ ಸೀಟಿನ ಅಜ್ಜಿಯ ಸೆರಗು ಹಾರಿ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಆ ಗಾಳಿಯಲ್ಲಿ ಕೂತು ಅಲುಗಾಡದ ಬಟ್ಟೆ ನೆನೆಸಿಕೊಂಡೆ ನೋಡಿ, ಮೈ ಜುಮ್ಮೆಂದಿತು.

ಹಳೇ ಕಥೆ ಇಷ್ಟು ಹಿಡಿಸೋದು ಸರಿನಾ, ಇಲ್ಲ ನನ್ನ ತಲೆಗೆ ಸೋಮಾರಿತನ ಬಂದಿದೆಯಾ? ಸರಣಿಯಲ್ಲಿ ಒಟ್ಟು 14 ಪುಸ್ತಕ ಇವೆ. ಮುಂದುವರಿಸಲಾ? ಅರ್ಧ ದಾಟಿದ್ದೇನೆ, ದಯವಿಟ್ಟು ಕೊನೆ ಹೇಳಬೇಡಿ.

ರೊಟ್ಟಿಬುತ್ತಿ:

ಅಣ್ಣಾರ, ನಾನು ಲೋಕಾಪುರದ ಕಡೆಯವಳು. ನಮ್ಮಜ್ಜಿ ಶ್ರೀಕೃಷ್ಣ ಪಾರಿಜಾತದ ಆಟ ಎಷ್ಟು ಸಲ ನೋಡಿದ್ದಳೋ ಲೆಕ್ಕ ಇಲ್ಲ. ನಾರದ ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಯಾರಿಗೆ ಗೊತ್ತಿಲ್ಲ ಹೇಳಿ? ಆದರೂ ಕಂಬಳಿ ಹೊದ್ದು ಬೆಳತನಕ ಕೂರುತ್ತಿದ್ದಳು. ಬೆಳಗ್ಗೆ ಬಂದು ಕಥೆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಈ ಸಲದ ಸತ್ಯಭಾಮೆಯ ದನಿ ಹೇಗಿತ್ತು, ದೂತಿ ಏನು ಮಾತು ತೆಗೆದಳು, ಅಷ್ಟೇ.

ಇನ್ನೊಂದು ಗಮನಿಸಿ. ಈ ಸರಣಿಯ ಹದಿನಾಲ್ಕೂ ಪುಸ್ತಕದ ಮೊದಲ ಅಧ್ಯಾಯ ಒಂದೇ ತರಹ ಶುರುವಾಗುತ್ತದೆ. ಕಾಲದ ಚಕ್ರ ತಿರುಗುತ್ತದೆ, ಎಲ್ಲೋ ಒಂದು ಗಾಳಿ ಏಳುತ್ತದೆ. ಓದುವಾಗ ಇದೇನಪ್ಪಾ ಮತ್ತೆ ಅನ್ನಿಸಿತ್ತು. ಕೇಳುವಾಗ ಮಾತ್ರ ಆಟಕ್ಕೆ ಮುಂಚೆ ಗಣಪತಿ ಪದ ಹಾಡಿದ ಹಾಗೆ, ಸರಿಯಾಗಿ ಕೂರಬೇಕು ಅನ್ನಿಸುತ್ತದೆ. ಅದೂ ಅಲ್ಲದೆ ಬಸ್ಸಿನ ಹಾರ್ನ್ ಅರ್ಧ ವಾಕ್ಯ ನುಂಗುತ್ತದೆ ಅಲ್ವಾ? ಪರಿಚಯದ ಕಥೆ ಆದರೆ ಆ ಅರ್ಧವನ್ನು ನಾವೇ ತುಂಬಿಕೊಳ್ಳಬಹುದು. ತೀರಾ ಹೊಸ ಕಥೆ ಆಗಿದ್ದರೆ ಬೀಳಗಿ ಬರುವಷ್ಟರಲ್ಲಿ ದಾರಿ ತಪ್ಪುತ್ತಿದ್ದಿರಿ.

ಟಿಳಕವಾಡಿ ಕಟ್ಟೆ:

ಎಲ್ಲರೂ ಹೊಗಳಿದ್ದಾಯಿತು, ನಾನು ಸ್ವಲ್ಪ ಬೈಯುತ್ತೇನೆ. ಹಳೇ ಕಥೆ ಅನ್ನೋದು ನನಗೆ ತೊಂದರೆಯೇ ಅಲ್ಲ. ತೊಂದರೆ ಅಂದರೆ ಕಿವಿಗೆ ಪುಟ ಹಾರಿಸೋಕೆ ಬರಲ್ಲ. ಅದರಲ್ಲಿ ನೈನೀವ್ ಅಂತ ಒಬ್ಬಳಿದ್ದಾಳೆ, ಸಿಟ್ಟು ಬಂದಾಗೆಲ್ಲ ಜಡೆ ಜಗ್ಗುತ್ತಾಳೆ. ಪುಸ್ತಕದಲ್ಲಾದರೆ ಕಣ್ಣು ತಾನೇ ಮುಂದೆ ಹೋಗುತ್ತದೆ. ಇಲ್ಲಿ ಪ್ರತಿ ಸಲ ಪೂರ್ತಿ ಕೇಳಬೇಕು. ಬೆಳಗಾವಿ ಮಳೆಯಲ್ಲಿ ಮನೆಯೊಳಗೆ ಕೂತು ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದೆ, ಒಂದು ದಿನ ನಾನೇ ಸ್ಕ್ರಬ್ಬರ್ ಎಸೆದೆ.

ಮೊದಲ ಆರು ಪುಸ್ತಕ ಕಣ್ಣು ಮುಚ್ಚಿಕೊಂಡು ಕೇಳಿ. 2003ರ ಹತ್ತನೆಯದು ಬಂದಾಗ ವೇಗ 1.5ಕ್ಕೆ ಏರಿಸಿ. ನಾನು ಏರಿಸಲಿಲ್ಲ, ಅಲ್ಲೇ ನಿಂತೆ.

ಒಂದು ಮಾತ್ರ ಒಪ್ಪಲೇಬೇಕು, ಓದುವವರು. ಮೈಕೆಲ್ ಕ್ರೇಮರ್, ಕೇಟ್ ರೀಡಿಂಗ್. ಗಂಡಸರ ಕಣ್ಣಿನಿಂದ ನಡೆಯುವ ಭಾಗ ಕ್ರೇಮರ್ ಓದುತ್ತಾರೆ, ಹೆಂಗಸರದ್ದು ರೀಡಿಂಗ್. ನಿಜವಾಗಿಯೂ ಗಂಡ ಹೆಂಡತಿ.

ಗೋಳಗುಮ್ಮಟದ ಪಾರಿವಾಳ:

ತಮ್ಮನಿಗೆ ಕುಮಾರವ್ಯಾಸನನ್ನು ತೋರಿಸಿ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ, ಅಲ್ಲಿ ಕಾಲಿಡೋಕೂ ಜಾಗ ಇಲ್ಲ ಅಂತ ಆತ ಆಗಲೇ ಹೇಳಿದ್ದ. ಹೇಳಿ, ತಾನು ಹಿಡಿದದ್ದು ಯಾವ ಹೊಸ ಕಥೆ? ಮಹಾಭಾರತ! ಈ ದೂರು ಬಹಳ ಹಳೇದು, ಮಾರಾಯ್ರೇ.

ಇನ್ನು ಜೋರ್ಡಾನ್ ಶುರುವಿನ ಅಧ್ಯಾಯಗಳನ್ನು ಬೇಕಂತಲೇ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ತರಹ ಬರೆದದ್ದು, ಅದನ್ನು ಆತನೇ ಹೇಳಿದ್ದ. ಗೊತ್ತಿರುವ ಬಾಗಿಲಿನಿಂದ ಒಳಗೆ ಕರೆದು ಆಮೇಲೆ ಬೇರೆ ಕೋಣೆಗೆ ಒಯ್ಯುತ್ತಾನೆ. ಸರಣಿ ಮುಗಿಸೋಕೆ ಮುಂಚೆ, 2007ರಲ್ಲಿ ತೀರಿಕೊಂಡ. ಕೊನೆಯ ಮೂರನ್ನು ಬ್ರಾಂಡನ್ ಸ್ಯಾಂಡರ್ಸನ್ ಮುಗಿಸಿದ, ಕೊನೆಯದು ಬಂದದ್ದು 2013ರಲ್ಲಿ. ಕಟ್ಟೆ ಸರ್, ಹತ್ತರಲ್ಲೇ ನಿಂತು ತಪ್ಪು ಮಾಡಿದಿರಿ. ಹನ್ನೊಂದರಲ್ಲಿ ಗಾಡಿ ಮತ್ತೆ ಓಡುತ್ತದೆ.

ನವನಗರದಾಂವ:

ಎಲ್ಲರಿಗೂ ಥ್ಯಾಂಕ್ಸ್ ರೀ. ಅಕ್ಕಾರ, ಹಾರ್ನಿನ ಮಾತು ನೂರಕ್ಕೆ ನೂರು ಖರೆ. ಇವತ್ತು ಬೆಳಗ್ಗೆ ಕಂಡಕ್ಟರ್ ಚಿಲ್ಲರೆಗಾಗಿ ಜಗಳ ತೆಗೆದು ಹತ್ತು ನಿಮಿಷ ಏನೂ ಕೇಳಿಸಲಿಲ್ಲ, ಆದರೂ ಕಥೆ ಎಲ್ಲಿಗೆ ಬಂದಿದೆ ಅಂತ ತಕ್ಷಣ ಹತ್ತಿತು.

ಎರಡನೇ ಪುಸ್ತಕ ಇಳಿಸಿಕೊಂಡಿದ್ದೇನೆ. ದಿನಕ್ಕೆ ನಾಲ್ಕು ತಾಸಿನ ಲೆಕ್ಕದಲ್ಲಿ ಹತ್ತನೆಯದು ಮುಟ್ಟೋಕೆ ಇನ್ನೂ ಎರಡು ತಿಂಗಳ ಮೇಲೆ ಬೇಕು. ಅಷ್ಟರೊಳಗೆ ನನಗೆ ಬಾಗಲಕೋಟೆಗೇ ವರ್ಗಾವಣೆ ಆದರೂ ಆಗಬಹುದು. ಆಗ ಯಾವಾಗ ಕೇಳೋದು ಅನ್ನೋ ಚಿಂತೆ ಈಗಲೇ ಶುರುವಾಗಿದೆ.