ಅಪ್‌ಡೇಟ್: ನಮ್ಮ ಆನ್‌ಲೈನ್ ಸಮುದಾಯದ ಕೌನ್ಸಿಲ್ ಕೊನೆಗೂ ಉತ್ತರ ಕೊಟ್ಟಿತು

ಹೋದ ವಾರ ಕೇಳಿದ್ದೆನಲ್ಲ, ನಾವೇ ವೋಟ್ ಹಾಕಿ ಆರಿಸಿದ ಕೌನ್ಸಿಲ್ ಕಾರಣ ಹೇಳದೆ ಹಳೇ ಸದಸ್ಯರೊಬ್ಬರನ್ನು ಹೊರಹಾಕಿದೆ, ಏನು ಮಾಡೋದು ಅಂತ. ಬಹಿರಂಗ ಪತ್ರಕ್ಕೆ 70 ಸಹಿ ಬಂದರೂ ಉತ್ತರವೇ ಇಲ್ಲ. ಒಬ್ಬೊಬ್ಬರಿಗೇ ಮೆಸೇಜ್ ಮಾಡಿದ್ದರಿಂದ ಮನಸ್ತಾಪ ಜಾಸ್ತಿಯಾಯಿತು ಅಷ್ಟೇ. ಕೆಲಸಕ್ಕೆ ಬಂದದ್ದು "ಮೊದಲು ನಿಯಮ ಪೂರ್ತಿ ಓದಿ" ಎಂದವರ ಸಲಹೆ, ತುಂಬಾ ಥ್ಯಾಂಕ್ಸ್! ದೂರು ಕೊಟ್ಟವರೇ ತೀರ್ಮಾನಕ್ಕೆ ವೋಟ್ ಹಾಕುವಂತಿಲ್ಲ ಎಂದು ಅಲ್ಲೇ ಇತ್ತು, ಆದರೆ ಒಬ್ಬರು ಹಾಕಿದ್ದರು. ಅದನ್ನು ತೋರಿಸಿ ಸಭೆಯ ನಡಾವಳಿ ಕೇಳಿದೆವು. ಮೂರೇ ದಿನದಲ್ಲಿ ತೀರ್ಮಾನ ರದ್ದಾಯಿತು, ಈಗ ಹೊಸದಾಗಿ ವಿಚಾರಣೆ ನಡೆಯುತ್ತಿದೆ.

ಹುಡುಕುವಾಗ ಇನ್ನೊಂದು ಗೊತ್ತಾಯಿತು. ಸ್ವಯಂಸೇವಕರೇ ಸೇರಿ ಉಚಿತ ಆಪರೇಟಿಂಗ್ ಸಿಸ್ಟಂ ತಯಾರಿಸುವ ಡೆಬಿಯನ್ ಸಮುದಾಯದಲ್ಲಿ ವರ್ಷಕ್ಕೊಮ್ಮೆ ಆರಿಸುವ ನಾಯಕರ ತೀರ್ಮಾನವನ್ನೂ ಡೆವಲಪರ್‌ಗಳು ವೋಟ್ ಹಾಕಿ ರದ್ದು ಮಾಡಬಹುದು, ಆ ಪ್ರಸ್ತಾವಕ್ಕೆ 5 ಜನರ ಬೆಂಬಲ ಸಾಕು. ನಮ್ಮಲ್ಲಿ ಅಂಥದ್ದಿಲ್ಲ. ಮುಂದಿನ ಚುನಾವಣೆಗೆ ಮೊದಲೇ ಬರಲಿ ಅಂತ ಕರಡು ಬರೆಯುತ್ತಿದ್ದೇನೆ.